ರಾಷ್ಟ್ರಪಿತನ ಸ್ಮರಣೆಯೂ ಕಾವ್ಯೌಚಿತ್ಯವೂ

ಅಕ್ಟೋಬರ್ 2ನೆಯ ದಿನವು ಸಮೀಪಿಸಿತೆಂದರೆ ಸ್ತುತಿಪದ್ಯಗಳಿಗೆ ಬರವಿಲ್ಲ. ಲೊಕ್ಕನಹಳ್ಳಿಯಂಥ ಮಲೆಯಂಚಿನ ಊರಿನ ಪಾಠಶಾಲೆಯಲ್ಲಿಯೂ ರಾಜಧಾನಿಯ ಸಭಾಮಂದಿರದಲ್ಲಿಯೂ ಅಂದು ಓದಲ್ಪಡುವ ಪದ್ಯಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲ ಚರಣದಲ್ಲಿ ಗಾಂಧೀಜಿಯವರು ಬುದ್ಧರಾಗುವರು, ಎರಡನೆಯದರಲ್ಲಿ ಕ್ರಿಸ್ತರು, ಮೂರನೆಯದರಲ್ಲಿ ಸಾಕ್ಷಾತ್ ಅವತಾರಪುರುಷರು. ನಾಲ್ಕನೆಯದು ಬರುವ ವೇಳೆಗೆ, 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮನುಷ್ಯನು ಎಲ್ಲಿಯೂ ಕಾಣಿಸುವುದಿಲ್ಲ. ಉಪಮಾನಗಳ ರಾಶಿಯಲ್ಲಿ ಉಪಮೇಯವು ಹೂತುಹೋಗುವ ಈ ವೈಚಿತ್ರ್ಯಕ್ಕೆ ಪೂರ್ವದ ಆಲಂಕಾರಿಕರು ಯಾವ ಹೆಸರನ್ನಿಡುತ್ತಿದ್ದರೋ! ರಸಭಂಗಕ್ಕೆ ಅನೌಚಿತ್ಯವಲ್ಲದೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಹೇಳಿ ಸಾವಿರ ವರ್ಷಗಳ ಮೇಲಾಯಿತು.

ರಾಷ್ಟ್ರವು ತನ್ನ ಪಾಲಿನ ಗೌರವವನ್ನು ಸಲ್ಲಿಸಿಯೇ ಇದೆ. 1944ರ ಜುಲೈ 6ರಂದು ಸುಭಾಷಚಂದ್ರ ಬೋಸರು ಆಕಾಶವಾಣಿಯ ಭಾಷಣದಲ್ಲಿ ರಾಷ್ಟ್ರಪಿತನೆಂದು ಸಂಬೋಧಿಸಿದರು. 1948ರ ಆಗಸ್ಟ್ 15ರಂದು ಅಂಚೆಚೀಟಿಗಳು ಹೊರಟವು. 1996ರಿಂದ ನೋಟುಗಳ ಶ್ರೇಣಿಯೇ ಅವರ ಹೆಸರಿನಲ್ಲಿ ಬಂದಿತು. ಇವೆಲ್ಲ ಮುದ್ರೆಯ ಕಾರ್ಯಗಳು. ಮುದ್ರೆಗೆ ಮುಖವೊಂದು ಸಾಕು. ಕಾವ್ಯವೂ ಅಷ್ಟರಿಂದಲೇ ತೃಪ್ತವಾಗುವುದಾದರೆ ನೋಟಿಗೂ ಪದ್ಯಕ್ಕೂ ಭೇದವೇನು?

ಸಂಸ್ಕೃತದಲ್ಲಿ ಈ ವಸ್ತುವನ್ನು ಗಂಭೀರವಾಗಿ ಕೈಕೊಂಡವರಲ್ಲಿ ಪಂಡಿತಾ ಕ್ಷಮಾ ರಾವ್ ಅವರು ಅಗ್ರಗಣ್ಯರು. 1932ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವರ ‘ಸತ್ಯಾಗ್ರಹಗೀತಾ’ ಭಗವದ್ಗೀತೆಯಂತೆ ಹದಿನೆಂಟು ಅಧ್ಯಾಯಗಳದು. ಶೈಲಿಯು ಪ್ರಸನ್ನ, ಛಂದಸ್ಸು ಬಹುಸರಳ. ಚಳವಳಿಯ ಬಿಸಿ ಆರುವುದಕ್ಕೆ ಮೊದಲೇ ಬರೆದುದರಿಂದ ಅಲ್ಲಿ ಕಾರ್ಯದ ವೇಗವಿದೆ. ಅದನ್ನು ಓದಿದವರಿಗೆ ಇಂದಿನ ಜಯಂತಿಪದ್ಯಗಳು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ.

ನಾಯಕಭೇದದ ದೃಷ್ಟಿಯಿಂದ ನೋಡಿದರೂ ವಿಷಯವು ಸ್ವಾರಸ್ಯವಾದುದು. ಧನಂಜಯನ ‘ದಶರೂಪಕ’ದ ಪ್ರಕಾರ ವಣಿಕ್ಕುಲದವನು ಧೀರಶಾಂತನು, ಕ್ಷಮೆ, ಸ್ಥೈರ್ಯ, ದೃಢವ್ರತ, ಆತ್ಮಶ್ಲಾಘೆಯಿಲ್ಲದಿರುವುದು ಇವು ಧೀರೋದಾತ್ತನ ಲಕ್ಷಣಗಳು. ಗಾಂಧೀಜಿಯವರಲ್ಲಿ ಹುಟ್ಟು ಒಂದು ವರ್ಗದ್ದು, ಗುಣ ಇನ್ನೊಂದರದು. ಶಾಸ್ತ್ರಕ್ಕೆ ಇಲ್ಲಿ ತುಸು ತೊಡಕೇ ಸರಿ! ಆದರೆ ಆತ್ಮಶ್ಲಾಘೆಯಿಲ್ಲದ ನಾಯಕನಿಗೆ ಬರಿಯ ಶ್ಲಾಘೆಯನ್ನೇ ಹೊದಿಸುವ ಕವಿಯು ಲಕ್ಷಣವನ್ನೂ ಅರಿಯನು, ಲಕ್ಷ್ಯವನ್ನೂ ಅರಿಯನು.

1925ರಿಂದ ‘ನವಜೀವನ’ದಲ್ಲಿ ಧಾರಾವಾಹಿಯಾಗಿ ಬಂದ ಆತ್ಮಕಥೆಯಲ್ಲಿ ಆ ನಾಯಕನೇ ತನ್ನ ದೋಷಗಳನ್ನು ಪಟ್ಟಿಮಾಡಿದ್ದಾನೆ. ಅಣ್ಣನ ಕಡಗದ ಚಿನ್ನವನ್ನು ಕದ್ದುದು, ತಂದೆಯ ಅಂತ್ಯಕಾಲದಲ್ಲಿ ಬಳಿಯಲ್ಲಿಲ್ಲದೆ ಹೋದುದು, 1919ರ ಹಿಮಾಲಯಸದೃಶವಾದ ತಪ್ಪು. ಎಲ್ಲಕ್ಕೂ ಮಿಗಿಲಾದುದು ಡರ್ಬನ್ನಿನ ಪ್ರಸಂಗ. ಪಂಚಮ ತಂದೆತಾಯಿಗಳಿಗೆ ಹುಟ್ಟಿದ ಗುಮಾಸ್ತನೊಬ್ಬನ ಮಲಮೂತ್ರಪಾತ್ರೆಯನ್ನು ಕಣ್ಣೀರಿಡುತ್ತ ಎತ್ತಿದ ಕಸ್ತೂರಬಾ ಅವರನ್ನು, ನಗುಮುಖದಿಂದ ಎತ್ತಲಿಲ್ಲವೆಂದು ಪತಿಯು ಕೈಹಿಡಿದೆಳೆದು ಬಾಗಿಲಾಚೆಗೆ ನೂಕಹೋದನು. ಈ ಪರದೇಶದಲ್ಲಿ ತಾನೆಲ್ಲಿಗೆ ಹೋಗಲೆಂದು ಆಕೆ ಕೇಳಿದಾಗ ಆತನು ನಾಚಿದನು. ಸಮತೆಯ ವ್ರತವೂ ಪತಿಯ ದರ್ಪವೂ ಒಂದೇ ಮೆಟ್ಟಿಲ ಮೇಲೆ ಎದುರುಬದುರಾಗಿ ನಿಂತ ಸಂಧಿಯಿದು. ಮಹಾಕವಿಯೊಬ್ಬನು ಒಂದು ಸರ್ಗವನ್ನೇ ಮೀಸಲಿಡಬೇಕಾದ ಸ್ಥಳವನ್ನು ಸ್ತುತಿಕಾರರು ಕಣ್ಣುಮುಚ್ಚಿ ದಾಟುತ್ತಾರೆ. ಬಾ ಅವರು ಅಲ್ಲಿ ಪತಿಯ ಪಕ್ಕದಲ್ಲಿ ಮೌನವಾಗಿ ನೂಲುವ ಚಿತ್ರವಷ್ಟೆ.

ಇಂಥ ಸ್ಥಳವನ್ನು ದಾಟದೆ ಹಾಡುವ ವಿದ್ಯೆಯು ಈ ಸೀಮೆಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಜನರು, ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ಮಾದಪ್ಪನನ್ನು ಕನ್ನಡದಲ್ಲಿಯೇ ನೆನೆದುಕೊಂಡು ಬಂದರು. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ವನ್ನು ತೆರೆದು ನೋಡಬಹುದು. ದೇವರಾದರೂ ಆತನು ಸುತ್ತೂರಿನ ಮಠದಲ್ಲಿ ರಾಗಿ ಬೀಸುತ್ತಾನೆ. ಸಿಟ್ಟಾಗುತ್ತಾನೆ, ಹಠಮಾಡುತ್ತಾನೆ, ಶತ್ರುವನ್ನು ಉಪಾಯದಿಂದ ಕೊಲ್ಲುತ್ತಾನೆ. ದೇವರಗುಡ್ಡರು ಇದಾವುದನ್ನೂ ಮುಚ್ಚುವುದಿಲ್ಲ. ಸಂಕಮ್ಮನ ಸಾಲಿನಲ್ಲಂತೂ ದೇವರು ಬಹಳ ಹೊತ್ತು ಹಿಂದೆಯೇ ನಿಲ್ಲುತ್ತಾನೆ. ಕಾಡಿಗೆ ಹೊರಟ ಗಂಡ ನೀಲೇಗೌಡನು ಶೀಲಕ್ಕಾಗಿ ಬಲಗೈ ಭಾಷೆಯನ್ನು ಕೇಳುತ್ತಾನೆ; ಆ ಸೋಲಿಗರ ಹೆಣ್ಣು ಕೊಡುವುದಿಲ್ಲ; ಚಿತ್ರಹಿಂಸೆಯನ್ನು ಸಹಿಸುತ್ತಾಳೆ, ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಕೇಳುವವರ ಕಣ್ಣೀರು ಅವಳದು. ಅವಳ ಮೂಲಕವಾಗಿಯೇ ಮಾದಪ್ಪನ ಮಹಿಮೆಯು ಬೆಳಗುತ್ತದೆ. 2023ರಲ್ಲಿ ಬೆಟ್ಟದ ಮೇಲೆ 108 ಅಡಿಯ ಪ್ರತಿಮೆಯೂ ಎದ್ದಿತು. ಭವ್ಯವಾಗಿಯೇ ಇದೆ, ಆದರೆ ಅದರ ಕೈಯಲ್ಲಿ ರಾಗಿಕಲ್ಲಿಲ್ಲ.

ರಾಷ್ಟ್ರಪಿತನ ಕಾವ್ಯಕ್ಕೂ ಇಂಥದೊಂದು ರಾಗಿಕಲ್ಲು ನೆರೆಯಲ್ಲಿಯೇ ಬಿದ್ದಿದೆ. ನಂಜನಗೂಡು ತಾಲ್ಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿಯವರು ಬಂದಿದ್ದರು. ಅಲ್ಲಿನ ಖಾದಿ ಕೇಂದ್ರವು ಆ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅದೇ ಊರಿನಲ್ಲಿ 1993ರಲ್ಲಿ, ದೇವಾಲಯಪ್ರವೇಶದ ವಿರಸದ ತರುವಾಯ, ಮೂವರು ದಲಿತರು ಹತರಾದರು. ಸ್ತುತಿಪದ್ಯಗಳಲ್ಲಿ ಬದನವಾಳು ಬರುವುದಾದರೆ ಚರಕದೊಡನೆ ಬರುತ್ತದೆ. 1927ಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ. ಕಂಸಾಳೆಯ ಗುಡ್ಡನಿಗೆ ಈ ಕಥೆಯನ್ನು ಒಪ್ಪಿಸಿದ್ದರೆ, ಎರಡನೆಯ ವರ್ಷವನ್ನು ಹಾಡದೆ ಅವನು ಮಂಗಳಕ್ಕೆ ಕೈಯಿಡುತ್ತಿರಲಿಲ್ಲ.