ಫ್ಯಾನು ತಿರುಗಿದರೆ ಸಾಕೇ?

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರು ಒಂದು ದಿನ ಬಟನ್ ಒತ್ತಿದರೂ ಏಳುವುದಿಲ್ಲ. ಇಲ್ಲವೇ ಗೇಮ್ ನಡುವೆ ತಟ್ಟನೆ ಆರಿ, ತಾನಾಗಿಯೇ ಮತ್ತೆ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ: ‘ಎಸ್‌ಎಂಪಿಎಸ್ ಹೋಗಿದೆ, ಬೇರೆ ಹಾಕ್ಸಿ.’ ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆ. ಈ ತೀರ್ಪಿಗೆ ಮುನ್ನ ಒಂದು ಪರೀಕ್ಷೆಯೂ ನಡೆಯುತ್ತದೆ. ಮದರ್‌ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಕಿತ್ತು, ಅದರ ಹಸಿರು ವೈರಿನ ಕಿಂಡಿಗೂ ಪಕ್ಕದ ಕಪ್ಪು ವೈರಿನ ಕಿಂಡಿಗೂ ಪೇಪರ್ ಕ್ಲಿಪ್ ಬಾಗಿಸಿ ಸಿಕ್ಕಿಸುತ್ತಾರೆ. ಫ್ಯಾನು ತಿರುಗಿದರೆ ಎಸ್‌ಎಂಪಿಎಸ್ ಸರಿ, ತಿರುಗದಿದ್ದರೆ ಕೆಟ್ಟಿದೆ. ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆಯ ಕೌಂಟರಿನಿಂದ ವೈಟ್‌ಫೀಲ್ಡಿನ ಹಾಸ್ಟೆಲ್ ಕೋಣೆಯವರೆಗೆ ಇದೇ ಪದ್ಧತಿ. ಸರಳ ಮತ್ತು ಬಿಟ್ಟಿ ಎಂಬ ಕಾರಣಕ್ಕೆ ಇದನ್ನು ಅಳೆದು ನೋಡುವ ಕೆಲಸ ನಡೆದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಈ ಪರೀಕ್ಷೆ ಉತ್ತರಿಸುವ ಪ್ರಶ್ನೆ ತೀರ ಚಿಕ್ಕದು, ಅದರಿಂದ ನಾವು ಪಡೆಯುತ್ತಿರುವ ತೀರ್ಪು ತೀರ ದೊಡ್ಡದು.

ಕ್ಲಿಪ್ ಏನು ಮಾಡುತ್ತದೆ ನೋಡೋಣ. ಇಂಟೆಲ್ 1995ರಲ್ಲಿ ಎಟಿಎಕ್ಸ್ ವಿನ್ಯಾಸ ತಂದ ಮೇಲೆ ಕಂಪ್ಯೂಟರಿನ ಬಟನ್ನಿಗೂ ಗೋಡೆಯ ಕರೆಂಟಿಗೂ ನೇರ ಸಂಬಂಧ ಉಳಿಯಲಿಲ್ಲ. ಪ್ಲಗ್ ಹಾಕಿದೊಡನೆ ನೇರಳೆ ವೈರಿನಲ್ಲಿ 5 ವೋಲ್ಟ್ ಸದಾ ಎಚ್ಚರವಾಗಿರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡು ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತದೆ, ಎಸ್‌ಎಂಪಿಎಸ್ ಏಳುತ್ತದೆ. ಎಲ್ಲ ವೋಲ್ಟೇಜೂ ನೆಲೆ ನಿಂತ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ಬೂದು ವೈರಿನಲ್ಲಿ ‘ಪವರ್ ಗುಡ್’ ಸಂಕೇತ ಹೋಗುತ್ತದೆ. ಆಮೇಲಷ್ಟೇ ಪ್ರೊಸೆಸರ್ ಕೆಲಸ ಆರಂಭಿಸುತ್ತದೆ. ಕ್ಲಿಪ್ ಅಣಕಿಸುವುದು ಹಸಿರು ವೈರಿನ ಕೆಲಸವನ್ನು ಮಾತ್ರ. ನೇರಳೆ ವೈರಿನ 5 ವೋಲ್ಟ್ ಸರಿಯಾದ ಮಟ್ಟದಲ್ಲಿದೆಯೇ, ಬೂದು ವೈರು ಸಮಯಕ್ಕೆ ಏರಿತೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇತ್ತೀಚಿನ ಹಲವು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನು ತಿರುಗುವುದೇ ಇಲ್ಲ. ಅಂಥದ್ದನ್ನು ಕ್ಲಿಪ್ ಹಾಕಿ ‘ಸತ್ತಿದೆ’ ಎಂದು ಪಕ್ಕಕ್ಕಿಟ್ಟವರನ್ನು ಕಂಡಿದ್ದೇನೆ.

ದೊಡ್ಡ ಕೊರತೆ ಹೊರೆಯದು. 12 ವೋಲ್ಟಿನ ಲೈನು 11.4ರಿಂದ 12.6ರ ನಡುವೆ ನಿಲ್ಲಬೇಕು ಎಂಬುದು ಬಹುಕಾಲದಿಂದ ಬಂದ ನಿಯಮ. ಕ್ಲಿಪ್ ಹಾಕಿದಾಗ ಆ ಲೈನಿನಿಂದ ಒಂದು ಪುಟ್ಟ ಫ್ಯಾನು ಎಳೆಯುವ ಕರೆಂಟು ಬಿಟ್ಟರೆ ಬೇರೇನೂ ಹರಿಯುವುದಿಲ್ಲ. ಉಬ್ಬಿದ ಕೆಪಾಸಿಟರಿನ ಎಸ್‌ಎಂಪಿಎಸ್ ಕೂಡ ಆಗ 12.1 ತೋರಿಸಿ ನಿಲ್ಲಬಲ್ಲದು. ಗ್ರಾಫಿಕ್ಸ್ ಕಾರ್ಡು 200 ವ್ಯಾಟ್ ಕೇಳಿದ ಕ್ಷಣ 11ಕ್ಕೆ ಕುಸಿಯಬಲ್ಲದು. ಕೌಂಟರುಗಳಲ್ಲಿ ಈಗ ಕಾಣುವ, ಎಲ್‌ಸಿಡಿ ಪರದೆಯ ಪುಟ್ಟ ಟೆಸ್ಟರಿಗೂ ಇದೇ ಮಿತಿ. ಅದು ಅಂಕಿ ತೋರಿಸುತ್ತದೆ ಎಂಬುದಷ್ಟೇ ಹೆಚ್ಚುಗಾರಿಕೆ. ಮಲ್ಟಿಮೀಟರು ಕೂಡ ಸರಾಸರಿಯನ್ನು ಹೇಳುತ್ತದೆ. 12 ವೋಲ್ಟಿನ ಮೇಲೆ 120 ಮಿಲಿವೋಲ್ಟಿಗಿಂತ ಹೆಚ್ಚು ಏರಿಳಿತ ಇರಬಾರದೆಂಬ ನಿಯಮ ಮುರಿದಿದೆಯೇ ಎಂದು ತಿಳಿಯಲು ಆಸಿಲೊಸ್ಕೋಪ್ ಬೇಕು.

ಕ್ಲಿಪ್ಪಿನ ನಂತರದ ಹೆಜ್ಜೆ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು. ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಅಂಗಡಿಯಲ್ಲಿ ದಾಸ್ತಾನಿದೆ, ಹತ್ತು ನಿಮಿಷದಲ್ಲಿ ಹಾಕಿ ತೋರಿಸುತ್ತಾರೆ. ನಿಜವಾದ ಮದರ್‌ಬೋರ್ಡು, ನಿಜವಾದ ಗ್ರಾಫಿಕ್ಸ್ ಕಾರ್ಡು ಹೊರೆಯಾಗಿ ಕೂತಿರುವುದರಿಂದ ಇದು ಕ್ಲಿಪ್ಪಿಗಿಂತ ಎಷ್ಟೋ ಮೇಲು. ಆದರೆ ಬದಲಾಗುವುದು ಎಸ್‌ಎಂಪಿಎಸ್ ಒಂದೇ ಅಲ್ಲ, ಗೋಡೆಯೂ ಬದಲಾಗಿದೆ. ವೈಟ್‌ಫೀಲ್ಡಿನಿಂದಲೋ ದೊಡ್ಡತೋಗೂರಿನಿಂದಲೋ ಹೊತ್ತು ತಂದ ಕ್ಯಾಬಿನೆಟ್ಟು ಈಗ ಚಿಕ್ಕಪೇಟೆ ಬಳಿಯ ಅಂಗಡಿಯ ಸಾಕೆಟ್ಟಿಗೆ ಕೂತಿದೆ. ‘ಇಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಸಾರ್’ ಎಂಬ ಮಾತು ಬಂದಾಗ ಗಿರಾಕಿ ಗೊಂದಲಗೊಳ್ಳುತ್ತಾನೆ, ಅಂಗಡಿಯವನೂ ಗೊಂದಲಗೊಳ್ಳುತ್ತಾನೆ. ಆ ಮಾತನ್ನು ಸುಳಿವಾಗಿ ಹಿಡಿದು ‘ನಿಮ್ಮ ಮನೆಯ ಅರ್ತಿಂಗ್ ನೋಡಿಸಿ’ ಎನ್ನುವವರು ಅಪರೂಪ. ನಗರದ ಹೊರವಲಯದಲ್ಲಿ ತಪಾಸಣೆ ಎಡವುವುದು ಇಲ್ಲೇ.

ಅರ್ತಿಂಗ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರಿಯಾಗಿ ತಯಾರಾದ ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಅರ್ತಿಗೆ, ಇನ್ನೊಂದು ನ್ಯೂಟ್ರಲಿನಿಂದ ಅರ್ತಿಗೆ. ಒಳಗಿನ ಸ್ವಿಚಿಂಗ್ ಗದ್ದಲ ಲೈನಿಗೆ ಹೋಗದಂತೆ ತಡೆಯುವುದು ಅವುಗಳ ಕೆಲಸ. ಅರ್ತ್ ಇಲ್ಲದ ಸಾಕೆಟ್ಟಿನಲ್ಲಿ ಈ ಎರಡರ ನಡುವಿನ ಬಿಂದು, ಅಂದರೆ ಇಡೀ ಕ್ಯಾಬಿನೆಟ್ಟು, 230ರ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟು ಅತ್ಯಲ್ಪ, ಮಿಲಿಆಂಪಿಯರುಗಳ ಲೆಕ್ಕದ್ದು. ಆದರೂ ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಮ್ಮೆನ್ನುತ್ತದೆ, ಲೈನ್ ಟೆಸ್ಟರ್ ಇಟ್ಟರೆ ಅದರ ದೀಪ ಹೊತ್ತುತ್ತದೆ. ಮನೆಯವರು ಹೆದರಿ ‘ಎಸ್‌ಎಂಪಿಎಸ್ ಲೀಕ್ ಆಗ್ತಿದೆ’ ಎಂದು ಬದಲಾಯಿಸುತ್ತಾರೆ. ಹೊಸ ಒಳ್ಳೆಯದನ್ನು ಹಾಕಿದರೂ ಜುಮ್ಮೆನ್ನುತ್ತದೆ. ಈ ಫಿಲ್ಟರನ್ನೇ ಕೈಬಿಟ್ಟು ಮಾಡಿದ ಅಗ್ಗದ ಪೆಟ್ಟಿಗೆ ಹಾಕಿದರೆ ಜುಮ್ಮೆನ್ನುವುದು ನಿಲ್ಲುತ್ತದೆ! ಹೀಗೆ ಬದಲಿಸಿ ನೋಡುವ ಪದ್ಧತಿ ಕಳಪೆ ಮಾಲನ್ನು ಗೆಲ್ಲಿಸುತ್ತದೆ. ಈ ಪದ್ಧತಿಯ ಮೇಲೆ ನನಗಿರುವ ಅತಿ ದೊಡ್ಡ ತಕರಾರು ಇದು.

ಅರ್ತ್ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವಿನ ಅಂತರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಣ್ಣಿಗೆ ಹೊಡೆಯುವಂತಿದೆ. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್, ಆರ್.ಕೆ. ಬಾಳಿಗ ಅವರ ಮುಂದಾಳುತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಕಟ್ಟಿದ ಊರು ಅದು. ಅಲ್ಲಿನ ಕಂಪನಿಗಳ ಸರ್ವರ್ ಕೋಣೆಗಳಲ್ಲಿ ಯಂತ್ರ ಕೂರಿಸುವ ಮೊದಲು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವಿನ ವೋಲ್ಟೇಜು ಎರಡು ಮೂರಕ್ಕಿಂತ ಹೆಚ್ಚಿರಬಾರದೆಂದು ಅಳೆದು ಬರೆದುಕೊಳ್ಳುತ್ತಾರೆ. ಅದೇ ಕಂಪನಿಯಲ್ಲಿ ದುಡಿಯುವ ಹುಡುಗ ಕಾಂಪೌಂಡಿನಾಚೆಯ ಪಿಜಿಗೆ ಬಂದು, ಮೂರನೆಯ ಪಿನ್ನಿಗೆ ವೈರೇ ಇಲ್ಲದ ಸಾಕೆಟ್ಟಿಗೆ ತನ್ನ ಕಂಪ್ಯೂಟರನ್ನು ಸಿಕ್ಕಿಸುತ್ತಾನೆ. ಕೆಲವೆಡೆ ಇನ್ನೂ ಕೆಟ್ಟ ಕೆಲಸ ನಡೆದಿರುತ್ತದೆ: ಸಾಕೆಟ್ಟಿನ ಹಿಂದೆ ನ್ಯೂಟ್ರಲನ್ನೇ ಅರ್ತ್ ಪಿನ್ನಿಗೆ ತುಂಡು ವೈರಿನಿಂದ ಜೋಡಿಸಿರುತ್ತಾರೆ. ಆಗ ಜುಮ್ಮೆನ್ನುವುದಿಲ್ಲ, ಮೀಟರ್ ಇಟ್ಟರೂ ಸೊನ್ನೆ ತೋರಿಸುತ್ತದೆ. ಒಂದು ದಿನ ನ್ಯೂಟ್ರಲ್ ಸಡಿಲಗೊಂಡರೆ ಮಾತ್ರ ಕ್ಯಾಬಿನೆಟ್ಟಿಗೆ ಪೂರ್ತಿ ಫೇಸ್ ಬಂದು ಕೂರುತ್ತದೆ. ಇದು ಕೊಲ್ಲುವ ಜೋಡಣೆ.

ಅರ್ತ್ ಗುಂಡಿ ತೋಡಿದ ಮನೆಗಳಲ್ಲೂ ಒಂದು ತೊಂದರೆ ಇದೆ. ಬೆಂಗಳೂರು ಕೂತಿರುವುದು ಗಟ್ಟಿ ನೈಸ್ ಬಂಡೆಯ ಮೇಲೆ; ಅರ್ತ್ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಇದ್ದಿಲು, ಉಪ್ಪು ತುಂಬಿ ಪೈಪು ಹೂತು, ಅದರ ಮೇಲೆ ಟೈಲ್ಸ್ ಹಾಸಿ, ಮುಂದೆಂದೂ ಒಂದು ಕೊಡ ನೀರು ಹೊಯ್ಯದಿದ್ದರೆ ಗುಂಡಿ ಒಣಗುತ್ತದೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡಿನ ಸುತ್ತಲ ಕೊಳವೆಬಾವಿಗಳು ಬತ್ತಿದಾಗ ಎಲ್ಲರೂ ಟ್ಯಾಂಕರಿನ ಚಿಂತೆಯಲ್ಲಿದ್ದರು. ಅರ್ತ್ ಗುಂಡಿಗೂ ಅದೇ ಬರ ಎಂಬುದು ಯಾರಿಗೆ ತಾನೇ ನೆನಪಾದೀತು?

ಇಲ್ಲಿ ಹಳೆಯ ಎಲೆಕ್ಟ್ರಿಷಿಯನ್ನರ ಪದ್ಧತಿಯೊಂದನ್ನು ಎತ್ತಿ ಹೇಳಬೇಕು. ಫೇಸಿಗೂ ಅರ್ತಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಅರೆಬರೆ ಅರ್ತ್ ಇದ್ದರೂ 230ರ ಹತ್ತಿರ ತೋರಿಸಿಬಿಡುತ್ತದೆ, ಏಕೆಂದರೆ ಮೀಟರು ಕರೆಂಟು ಎಳೆಯುವುದೇ ಇಲ್ಲ ಎನ್ನಬೇಕು. ಅನುಭವಿ ಎಲೆಕ್ಟ್ರಿಷಿಯನ್ ಹೋಲ್ಡರಿನಲ್ಲಿ 100 ವ್ಯಾಟಿನ ತಂತಿ ಬಲ್ಬು ಹಾಕಿ, ಅದನ್ನು ಫೇಸ್ ಮತ್ತು ಅರ್ತ್ ನಡುವೆ ಉರಿಸಿ ನೋಡುತ್ತಾನೆ. ಅರ್ಧ ಆಂಪಿಯರಿಗೆ ಸ್ವಲ್ಪ ಕಡಿಮೆ ಹರಿಯುವಾಗಲೂ ಬಲ್ಬು ನ್ಯೂಟ್ರಲ್‌ಗೆ ಹಾಕಿದಷ್ಟೇ ಪ್ರಖರವಾಗಿದ್ದರೆ ಅರ್ತ್ ಇದೆ. ಮಂಕಾದರೆ ಇದ್ದೂ ಇಲ್ಲದಂತೆ. ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇರುವ ಮನೆಯಲ್ಲಿ ಇದನ್ನು ಮಾಡಿದರೆ ಅದು ಟ್ರಿಪ್ ಆಗುತ್ತದೆ. ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬಾರದು, ಲೈಸೆನ್ಸ್ ಇರುವವರನ್ನೇ ಕರೆಸಬೇಕು. ಆದರೆ ಈ ಪರೀಕ್ಷೆಯಲ್ಲಿರುವ ವಿವೇಕ ಪೇಪರ್ ಕ್ಲಿಪ್ಪಿನಲ್ಲಿ ಇಲ್ಲ: ಎಲೆಕ್ಟ್ರಿಷಿಯನ್ ಅರ್ತಿನ ಮೇಲೆ ಹೊರೆ ಹೇರಿ ನೋಡುತ್ತಾನೆ.

ಎಸ್‌ಎಂಪಿಎಸ್‌ಗೂ ಅದನ್ನೇ ಮಾಡಬಹುದು. ಕಾರಿನ ಹೆಡ್‌ಲೈಟಿನ 55 ವ್ಯಾಟ್ ಹ್ಯಾಲೋಜನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ರಿಪೇರಿ ಬಲ್ಲವರು ಇಂಥ ಒಂದೆರಡು ಬಲ್ಬುಗಳನ್ನು 12 ವೋಲ್ಟಿನ ಲೈನಿಗೆ ಹಚ್ಚಿ, ಉರಿಯುತ್ತಿರುವಾಗ ಮೀಟರ್ ಹಿಡಿಯುತ್ತಾರೆ. ತಣ್ಣಗಿನ ತಂತಿ ಮೊದಲ ಕ್ಷಣದಲ್ಲಿ ಹೆಚ್ಚು ಎಳೆಯುವುದರಿಂದ ಒಳ್ಳೆಯ ಎಸ್‌ಎಂಪಿಎಸ್ ಕೂಡ ಕೆಲವೊಮ್ಮೆ ರಕ್ಷಣೆಗಾಗಿ ಆರುತ್ತದೆ. ಒಂದು ಬಲ್ಬಿನಿಂದ ಶುರುಮಾಡಿದರೆ ಆ ತೊಡಕು ಕಡಿಮೆ. ಎಸ್.ಪಿ. ರಸ್ತೆಗೆ ಈ ಬಲ್ಬು ದೂರದ ಮಾಲೂ ಅಲ್ಲ, ವಾಹನದ ಬಿಡಿಭಾಗ ಮಾರುವ ಜೆ.ಸಿ. ರಸ್ತೆ ಅಲ್ಲೇ ಮಗ್ಗುಲಲ್ಲಿದೆ. ಪ್ರತಿ ಕೌಂಟರಿನಲ್ಲೂ ಇದಿರಬೇಕು ಎಂಬುದು ನನ್ನ ಆಸೆ.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಅರ್ತ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಲ್ಲಿನ ತೊಂದರೆ ಕರೆಂಟು ಹೋಗಿ ಜನರೇಟರ್ ಏಳುವ ನಡುವಿನ ಹೊತ್ತು. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ 16 ಮಿಲಿಸೆಕೆಂಡು ತಡೆದು ನಿಲ್ಲಬೇಕೆಂದು ಎಟಿಎಕ್ಸ್ ಮಾರ್ಗಸೂಚಿ ಬಹುಕಾಲ ಕೇಳಿತು; 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೂ ಅದು ಕಡಿಮೆ. ಯುಪಿಎಸ್ ಈ ಕಂದಕವನ್ನು ದಾಟಿಸುತ್ತದೆ, ಸರಿಯಾದದ್ದಾದರೆ. ಪೆಟ್ಟಿಗೆಯ ಮೇಲೆ 600 ವಿಎ ಎಂದಿದ್ದರೂ ಸಾಮಾನ್ಯವಾಗಿ ಅದು ಹೊರುವುದು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರು ಗೇಮಿನ ನಡುವೆ ಅದನ್ನು ಸುಲಭವಾಗಿ ಮೀರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿದ್ದಾಗ ಮೆಟ್ಟಿಲು ಮೆಟ್ಟಿಲಾದ ತರಂಗ ಕೊಡುತ್ತದೆ. ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟು) ಇರುವ ಕೆಲವು ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪದೆ ಆರುತ್ತವೆ. ಮನೆಯ ಇನ್ವರ್ಟರಿನ ಹಿಂಬದಿಯಲ್ಲಿ ‘ಯುಪಿಎಸ್ ಮೋಡ್’ ಎಂಬ ಪುಟ್ಟ ಸ್ವಿಚ್ಚು ಇರುತ್ತದೆ. ಅದು ಇನ್ನೊಂದು ಕಡೆಗಿದ್ದರೆ ಲೈಟು, ಫ್ಯಾನಿಗೆ ಏನೂ ಗೊತ್ತಾಗುವುದಿಲ್ಲ, ಕಂಪ್ಯೂಟರು ಮಾತ್ರ ಪ್ರತಿಸಲ ರೀಸ್ಟಾರ್ಟ್ ಆಗುತ್ತದೆ. ಈ ಸ್ವಿಚ್ಚನ್ನು ಸರಿಸಲು ಕಾಸು ಬೇಕಿಲ್ಲ, ಆದರೂ ಎಸ್‌ಎಂಪಿಎಸ್ ಬದಲಾದ ಮನೆಗಳು ಇವೆ.

ಇಂಥ ಪ್ರತಿ ರೀಸ್ಟಾರ್ಟಿನ ನಂತರ ವಿಂಡೋಸ್ ‘ಕರ್ನಲ್-ಪವರ್ 41’ ಎಂದು ದಾಖಲಿಸುತ್ತದೆ. ‘ಪವರ್’ ಎಂಬ ಪದ ಕಂಡದ್ದೇ ತಡ, ಎಸ್‌ಎಂಪಿಎಸ್ ಮೇಲೆ ಅಪರಾಧ ಸಾಬೀತಾಯಿತೆಂದು ಭಾವಿಸುವುದು ರೂಢಿ. ಆ ದಾಖಲೆ ಹೇಳುವುದು ಕಂಪ್ಯೂಟರು ಸರಿಯಾಗಿ ಮುಚ್ಚದೆ ಮತ್ತೆ ಶುರುವಾಯಿತು ಎಂದಷ್ಟೇ. ರ‍್ಯಾಮ್ ಕೆಟ್ಟು ಕಂಪ್ಯೂಟರು ಸ್ತಬ್ಧವಾದಾಗ ರೀಸೆಟ್ ಒತ್ತಿದರೂ ಅದೇ ಬರುತ್ತದೆ.

ಕಾರ್ಖಾನೆಗಳ ಪೀಣ್ಯದ ಸಮಸ್ಯೆ ಬೇರೆ ಬಗೆಯದು. ಲಗ್ಗೆರೆ, ಹೆಗ್ಗನಹಳ್ಳಿ ಕಡೆ ಮನೆ, ಲೇತು, ಗ್ರೈಂಡಿಂಗ್ ಯಂತ್ರ ಎಲ್ಲವೂ ಒಂದೇ ಬೀದಿಯಲ್ಲಿವೆ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಸಾಮಾನ್ಯ ಕರೆಂಟಿನ ಆರೇಳು ಪಟ್ಟು ಎಳೆದು ಬೀದಿಯ ವೋಲ್ಟೇಜನ್ನೇ ಕುಗ್ಗಿಸುತ್ತದೆ. ಎಸ್‌ಎಂಪಿಎಸ್ ಹಳತಾಗಿ ಕೆಪಾಸಿಟರು ಸೊರಗಿದ್ದರೆ ಕಂಪ್ಯೂಟರು ಆರುವುದು ಆಗಲೇ. ಬೆಳಿಗ್ಗೆ ಷಿಫ್ಟ್ ಶುರುವಾಗುವ ಹೊತ್ತಿಗೂ ರೀಸ್ಟಾರ್ಟಿಗೂ ತಾಳೆ ಹಾಕಿ ನೋಡುವುದು ಇಲ್ಲಿ ಯಾವ ಟೆಸ್ಟರಿಗಿಂತಲೂ ಉಪಯುಕ್ತ. ಗಾಳಿಯಲ್ಲಿರುವ ಲೋಹದ ಪುಡಿಯನ್ನೂ ಮರೆಯುವಂತಿಲ್ಲ; ಮನೆಯ ಧೂಳು ಬಿಸಿಯನ್ನಷ್ಟೇ ಹೆಚ್ಚಿಸುತ್ತದೆ, ಲೋಹದ ಪುಡಿ ಕರೆಂಟನ್ನೂ ಹರಿಸುತ್ತದೆ.

ನಿಜವಾಗಿಯೂ ಎಸ್‌ಎಂಪಿಎಸ್‌ದೇ ತಪ್ಪಾಗಿರುವ ಸಂದರ್ಭಗಳು ಬೇಕಾದಷ್ಟಿವೆ. ‘500 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದ ಪೆಟ್ಟಿಗೆಯ ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ, 192 ವ್ಯಾಟ್. ಇಂದಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬದುಕುವುದು ಆ ಲೈನಿನ ಮೇಲೆಯೇ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಾರ್ಧದಲ್ಲಿ ಎಷ್ಟು ಹೆಚ್ಚು ಎಳೆಯುತ್ತವೆಂದರೆ, 2022ರ ಎಟಿಎಕ್ಸ್ 3.0 ನಿಯಮ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕೆಂದು ಕೇಳುತ್ತದೆ. ಬದಲಾಯಿಸುವಾಗಲೂ ಎಚ್ಚರ ಬೇಕು: ಬಿಚ್ಚಿ ಹಾಕಬಹುದಾದ ಕೇಬಲ್ಲುಗಳ ಎಸ್‌ಎಂಪಿಎಸ್ ಕಡೆಯ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಕೇಬಲ್ಲನ್ನೇ ಹೊಸದಕ್ಕೆ ಸಿಕ್ಕಿಸಿದರೆ ಹಾರ್ಡ್‌ಡಿಸ್ಕು ಸುಟ್ಟೀತು. ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು, ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿಸಿ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಬಾಡಿಗೆ ಮನೆಯ ಹುಡುಗನಿಗೆ ಅರ್ತ್ ಗುಂಡಿ ತೋಡಿಸುವ ಅಧಿಕಾರವಿಲ್ಲ, ಮನೆ ಮಾಲೀಕನಿಗೆ ಅದರ ತುರ್ತು ಕಾಣುವುದಿಲ್ಲ. ಇವರಿಬ್ಬರ ನಡುವೆ ಕಾಗದದ ಮೇಲೆ ಸಂಖ್ಯೆ ಬರೆದು ಕೊಡಬಲ್ಲವನು ರಿಪೇರಿಯವನೇ. ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರರ ವೋಲ್ಟೇಜು, ಹೊರೆ ಇದ್ದಾಗ 12 ವೋಲ್ಟಿನ ಲೈನು ನಿಂತ ಮಟ್ಟ: ಮನೆಗೆ ಬಂದು ನೋಡುವವರು ಈ ನಾಲ್ಕನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರೆ, ಮಾಲೀಕನ ಮುಂದೆ ಹಿಡಿಯಲು ಆ ಹುಡುಗನ ಕೈಯಲ್ಲಿ ಏನಾದರೂ ಇರುತ್ತದೆ.