ಬೇಗೂರು ವೀರಗಲ್ಲಿನ ವ್ಯಾಖ್ಯಾನ

ಪುಟ್ಟೇನಹಳ್ಳಿಯ ಆಗ್ನೇಯಕ್ಕಿರುವ ಬೇಗೂರೇ ಶಾಸನಗಳ ಬೆಂಪೂರು. ಅಲ್ಲಿ ದೊರೆತ ಗಂಗರ ಕಾಲದ ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಪುಷ್ಪಗುಚ್ಛವಿಡುವ ನಗರದ ಸೈನಿಕ ಸ್ಮಾರಕದ ಏಕಶಿಲೆಗೂ ವೀರಗಲ್ಲೆಂದೇ ಹೆಸರು. ಬೇಗೂರಿನ ಕಲ್ಲಿಗೆ ಅಂಥ ದಿನವಿಲ್ಲ, ಏಕೆಂದರೆ ಅದು ತಿಥಿಯನ್ನೇ ಹೇಳುವುದಿಲ್ಲ. ಹೇಳಿರುವುದನ್ನು ಮಾತುಮಾತಾಗಿ ನೋಡತಕ್ಕದ್ದು.

‘ಏಕಛತ್ರಚ್ಛಾಯೆಯೊಳ್’, ಎಂದರೆ ಒಂದೇ ಕೊಡೆಯ ನೆರಳಿನಲ್ಲಿ. ಗಂಗದೊರೆ ಎಱೆಯಪನು ಹಗೆಗಳನ್ನೆಲ್ಲ ಅಳಿಸಿ ಗಂಗವಾಡಿ ತೊಂಬತ್ತಾರುಸಾಸಿರವನ್ನು ಹೀಗೆ ಆಳುತ್ತಿದ್ದನೆಂಬುದು ಪೀಠಿಕೆ. ಹಗೆಗಳೇ ಉಳಿಯಲಿಲ್ಲವೆಂದ ಬೆನ್ನಿಗೇ ದಂಡಯಾತ್ರೆ ಬರುತ್ತದೆ; ಪ್ರಶಸ್ತಿಯ ಮಾತಿಗೆ ಅಷ್ಟು ಸಡಿಲು ಸಲ್ಲುವುದು.

‘ದಂಡುವೇೞ್ದೊಡೆ’: ದಂಡು, ಸೇನೆ, ಪೇೞ್, ಅಪ್ಪಣೆ ಮಾಡು. ಹಗೆ ಬೀರಮಹೇಂದ್ರನೊಡನೆ ಕಾದಲು ಅಯ್ಯಪದೇವನಿಗೆ ನೆರವಾಗಿ ಎಱೆಯಪನು ಸಾಮಂತರ ಸಹಿತ ಈ ಕಲ್ಲಿನ ವೀರ ನಾಗತ್ತರನನ್ನು ಕಳುಹಿದನೆಂದು ತಾತ್ಪರ್ಯ. ಇದು ನಾಗತ್ತರನು ತಾನಾಗಿ ಬಯಸಿದ ಯುದ್ಧವಲ್ಲ, ಒಡೆಯನ ಮಾತಿಗೆ ಹೊರಟದ್ದು.

‘ಕಾಳೆಗಂ ಇಂಬೞಿದೊಡೆ’. ಕಲ್ಲಿನ ತಿರುಳು ಇಲ್ಲಿದೆ. ಇಂಬು ಎಂದರೆ ಎಡೆ, ನಿಲ್ಲಲು ನೆಲೆ. ಅೞಿ ಎಂದರೆ ಕೆಡು. ತುಂಬೆಪಾಡಿಯ ಕಾಳಗದಲ್ಲಿ ನಿಲ್ಲುವ ನೆಲೆ ತಪ್ಪಿತು, ಕಾಳಗ ಕೈಮೀರಿತು ಎಂದರ್ಥ. ತನ್ನ ಪಕ್ಷಕ್ಕೆ ಬಂದ ಇಕ್ಕಟ್ಟನ್ನು ಶಾಸನಕಾರ ಮರೆಮಾಚಲಿಲ್ಲ. ಗೆದ್ದವರು ಯಾರೆಂಬುದು ಅವನಿಗೆ ಇಲ್ಲಿ ಮುಖ್ಯವೂ ಅಲ್ಲ. ನೆಲೆ ತಪ್ಪಿದಾಗ ಒಬ್ಬನು ಏನು ಮಾಡಿದನೆಂಬುದನ್ನಷ್ಟೇ ಕಂಡರಿಸಿದ್ದಾನೆ.

‘ಆನೆಯೊಳಾಂತಿಱಿದು ಸತ್ತೊಡೆ’. ಆಂತು, ಎದುರಾಗಿ ನಿಂತು, ಇಱಿದು, ತಿವಿದು. ಆನೆಯೊಳ್ ಎಂಬುದನ್ನು ‘ಆನೆಯ ಮೇಲೆ’ ಎನ್ನಬಾರದೇ? ‘ಬೀರಮಹೇಂದ್ರನೊಳ್’ ಎಂದು ಇದೇ ಶಾಸನ ಹಗೆಯನ್ನು ಕುರಿತು ಹೇಳಿದ್ದರಿಂದ, ಆನೆಗೆ ಎದುರಾಗಿ ಎಂಬುದೇ ಮೇಲು. ಕೆತ್ತನೆಯಲ್ಲಿಯೂ ಆನೆ ಕುದುರೆಗಳ ಕಾಳಗವಿದೆ. ಇನ್ನು ‘ಸತ್ತೊಡೆ’. ಸುರಲೋಕ ಸೇರಿದನೆಂದು ಬರೆಯುವುದು ವೀರಗಲ್ಲುಗಳ ವಾಡಿಕೆ. ಇಲ್ಲಿ ಆ ಉಪಚಾರವಿಲ್ಲ. ಬೇಗೂರಿನಲ್ಲಿಯೇ ಉಳಿದಿರುವ, ‘ಬೆಂಗುಳೂರ ಕಾಳೆಗ’ವನ್ನು ಹೇಳುವ, ಸುಮಾರು ಕ್ರಿ.ಶ. 890ರ ಕಿರುಶಾಸನಕ್ಕೂ ನಾಗತ್ತರನ ಮನೆಯವರ ಸಾವೇ ವಿಷಯ. ಎರಡನ್ನೂ ಕೂಡಿಸಿ ಓದತಕ್ಕದ್ದು.

‘ನಾಗತ್ತರವಟ್ಟಂಗಟ್ಟಿ’. ಪಟ್ಟವೇ ಸಮಾಸದಲ್ಲಿ ವಟ್ಟವಾಗಿದೆ. ನಾಗತ್ತರನ ಸಾವಿನ ಸುದ್ದಿ ಕೇಳಿದ ಎಱೆಯಪ ಮೆಚ್ಚಿ ಇರುಗನೆಂಬವನಿಗೆ ಕಟ್ಟಿದ್ದು ಈ ಪಟ್ಟ. ಹೀಗೆ ನಾಗತ್ತರನೆಂಬುದು ಆಳಿನ ಹೆಸರಾಗಿದ್ದುದು ಪದವಿಯೂ ಆಯಿತು.

‘ಕಲ್ನಾಡಿತ್ತಂ’. ಕಲ್ನಾಡು ಎಂದರೆ ವೀರನ ನಿಮಿತ್ತ ಕಲ್ಲು ನೆಡಿಸಿ ಬಿಟ್ಟುಕೊಟ್ಟ ಭೂಮಿ. ಬೆಂಪೂರು ಪನ್ನೆರಡು, ಎಂದರೆ ಬೆಂಪೂರಿನ ಹನ್ನೆರಡು ಊರುಗಳ ನಾಡು, ಇರುಗನಿಗೆ ಸಂದಿತು. ಶಾಸನ ಊರುಗಳ ಹೆಸರನ್ನೂ ಬರೆದಿಟ್ಟಿದೆ. ಅವುಗಳಲ್ಲಿ ಇಗ್ಗಲೂರು, ಎಳ್ಕುಂಟೆ, ಕೂಡಲೆ ಸೇರಿವೆ. ಆದ್ದರಿಂದ ಇದು ಸ್ಮಾರಕವೂ ಹೌದು, ಭೂಮಿಯ ಪತ್ರವೂ ಹೌದು. ಸತ್ತವನ ಕಥೆಗಿಂತ ಊರುಗಳ ಪಟ್ಟಿಗೆ ಶಾಸನಕಾರ ಕಡಿಮೆ ಅಕ್ಷರಗಳನ್ನೇನೂ ವ್ಯಯಿಸಿಲ್ಲ.