ಸೈಲೆನ್ಸರ್ ಸದ್ದಿಗೆ ಕಾನೂನಿನ ಅಳತೆ

ರಸ್ತೆಗಿಳಿಯುವ ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಎಂಜಿನ್‌ನಿಂದ ಹೊರಬೀಳುವ ಅನಿಲದ ಸದ್ದನ್ನು ಸಾಧ್ಯವಾದಷ್ಟೂ ತಗ್ಗಿಸುವ ಸಾಧನವೇ ಸೈಲೆನ್ಸರ್ ಎಂಬುದು ಅದರ ವಿವರಣೆ. ಎಷ್ಟಕ್ಕೆ ತಗ್ಗಬೇಕು ಎಂಬ ಲೆಕ್ಕವನ್ನು ಅದು 1986ರ ಪರಿಸರ (ಸಂರಕ್ಷಣೆ) ನಿಯಮಗಳ ಆರನೇ ಅನುಸೂಚಿಗೆ ಬಿಟ್ಟಿದೆ. ಹೀಗಾಗಿ ಬೈಕ್ ಸದ್ದಿನ ಕಾನೂನಿಗೆ ಎರಡು ಮುಖಗಳಿವೆ. ಒಂದು ಸೈಲೆನ್ಸರ್ ಎಂಬ ವಸ್ತುವನ್ನು ನೋಡುತ್ತದೆ, ಇನ್ನೊಂದು ಸದ್ದನ್ನು ಅಳೆಯುತ್ತದೆ. ಅಳತೆಯ ಕೆಲಸ ಬಹುಪಾಲು ಹೊಸ ಮಾಡೆಲ್‌ನ ಪರೀಕ್ಷಾ ಮೈದಾನದಲ್ಲೇ ಮುಗಿಯುತ್ತದೆ. ರಸ್ತೆಯಲ್ಲಿ ನಡೆಯುವುದು ನೋಡುವ ಕೆಲಸ. ಈ ವ್ಯತ್ಯಾಸ ತಿಳಿಯದಿದ್ದರೆ ಕಾನೂನಿನ ಅಂಕಿಗಳೂ ಅರ್ಥವಾಗುವುದಿಲ್ಲ, ದಂಡದ ರಸೀದಿಯೂ ಅರ್ಥವಾಗುವುದಿಲ್ಲ.

ಸದ್ದು ಹುಟ್ಟುವುದು ಎಕ್ಸಾಸ್ಟ್ ವಾಲ್ವ್ ತೆರೆಯುವ ಕ್ಷಣದಲ್ಲಿ. ಸಿಲಿಂಡರ್‌ನೊಳಗೆ ಉರಿದ ಅನಿಲಕ್ಕೆ ಆಗಲೂ ಸಾಕಷ್ಟು ಒತ್ತಡ ಉಳಿದಿರುತ್ತದೆ. ಅದು ಒಮ್ಮೆಲೇ ಕೊಳವೆಗೆ ನುಗ್ಗಿದಾಗ ಏಳುವ ಒತ್ತಡದ ಅಲೆಯೇ ಕಿವಿಗೆ ಬಡಿಯುವ ಸದ್ದು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಒಂದೇ ಸಿಲಿಂಡರ್‌ನ ಬೈಕ್ ನಿಮಿಷಕ್ಕೆ 1000 ಸುತ್ತಿನಲ್ಲಿ ಐಡಲ್ ಆಗಿದ್ದರೆ ನಿಮಿಷಕ್ಕೆ 500 ಬಡಿತ, ಅಂದರೆ ಸೆಕೆಂಡಿಗೆ ಎಂಟರಷ್ಟು. ಇಷ್ಟು ನಿಧಾನದ ಬಡಿತಗಳನ್ನು ಕಿವಿ ಒಂದೊಂದಾಗಿ ಗುರುತಿಸಬಲ್ಲದು. ಬುಲೆಟ್‌ನ ‘ಡುಗ್ ಡುಗ್’ ಹುಟ್ಟುವುದು ಹೀಗೆ. ಹಳೆಯ ಕಾಸ್ಟ್ ಐರನ್ ಬುಲೆಟ್ 350ರ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಉದ್ದ ಸ್ಟ್ರೋಕ್, ಭಾರದ ಫ್ಲೈವೀಲ್, ನಿಧಾನದ ಐಡಲ್ ಮೂರೂ ಸೇರಿ ಆ ಲಯವನ್ನು ಕೊಟ್ಟವು. ಸೈಲೆನ್ಸರ್ ಆ ಲಯದ ಗಟ್ಟಿತನವನ್ನು ಏರಿಸಬಹುದು, ಇಳಿಸಬಹುದು, ಆದರೆ ಹೊಸ ಲಯವನ್ನು ಹುಟ್ಟಿಸಲಾರದು.

ಸೈಲೆನ್ಸರ್ ಒಳಗೆ ಎರಡು ಬಗೆಯ ಕೆಲಸ ನಡೆಯುತ್ತದೆ. ಕೊಳವೆ ಒಮ್ಮೆಲೇ ಅಗಲವಾಗಿ ಕೋಣೆಯಾದಾಗ ಅಲೆಯ ಒಂದು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಅಡ್ಡ ತಗಡುಗಳು ಮತ್ತು ತೂತಿನ ಕೊಳವೆಗಳು ಅಲೆಯನ್ನು ತಿರುಗಿಸಿ, ಒಂದಕ್ಕೊಂದು ಎದುರಾಗಿಸಿ ತಗ್ಗಿಸುತ್ತವೆ. ಇದು ಬ್ಯಾಫಲ್ ಪದ್ಧತಿ. ಇನ್ನೊಂದರಲ್ಲಿ ತೂತಿನ ಕೊಳವೆಯ ಸುತ್ತ ಗ್ಲಾಸ್‌ವುಲ್ ತುಂಬಿರುತ್ತಾರೆ. ಅಲೆ ಆ ನಾರುಗಳಲ್ಲಿ ಸಿಕ್ಕಿ ಶಾಖವಾಗಿ ಕರಗುತ್ತದೆ. ಬ್ಯಾಫಲ್ ಪದ್ಧತಿ ಕೆಳಸ್ವರದ ಗುಡುಗಿಗೆ ಒಳ್ಳೆಯದು, ಗ್ಲಾಸ್‌ವುಲ್ ಮೇಲ್‌ಸ್ವರದ ಕಿರುಚಿಗೆ. ಅನೇಕ ಕಂಪನಿ ಸೈಲೆನ್ಸರ್‌ಗಳಲ್ಲಿ ಎರಡೂ ಬೆರೆತಿರುತ್ತವೆ.

ಟು ಸ್ಟ್ರೋಕ್ ಬೈಕ್‌ಗಳ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ 250 ಬೈಕ್‌ಗಳಿಗೆ ಸಿಲಿಂಡರ್ ಒಂದೇ ಆದರೂ ಎಡಬಲಕ್ಕೆ ಎರಡು ಸೈಲೆನ್ಸರ್‌ಗಳಿದ್ದವು. ಪೆಟ್ರೋಲ್ ಜೊತೆಗೆ ಉರಿಯುವ ಆಯಿಲ್ ಬ್ಯಾಫಲ್ ಮೇಲೆ ಕರಿಯಾಗಿ ಕೂರುತ್ತಿದ್ದುದರಿಂದ ಅದನ್ನು ಬಿಚ್ಚಿ ಸುಟ್ಟು ಶುಚಿಮಾಡುವುದು ಮೆಕ್ಯಾನಿಕ್‌ಗಳ ಮಾಮೂಲಿ ಕೆಲಸವಾಗಿತ್ತು. ಯಮಹಾ ಆರ್‌ಎಕ್ಸ್ 100ರಲ್ಲೂ ಬ್ಯಾಫಲ್ ಬಿಚ್ಚಬಹುದಾದ ಭಾಗವೇ. ಶುಚಿಗೆಂದು ಬಿಚ್ಚಿದ್ದನ್ನು ಮತ್ತೆ ಹಾಕದೆ ಬಿಟ್ಟರೆ ಸದ್ದು ಏರುತ್ತಿತ್ತು. ಈ ಸುಲಭದ ದಾರಿಯೇ ಎಷ್ಟೋ ಸವಾರರಿಗೆ ಸದ್ದಿನ ಚಟ ಹತ್ತಿಸಿತು. ಆದರೆ ಟು ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್‌ನ ಉಬ್ಬಿದ ಹೊಟ್ಟೆ ಸದ್ದಿಗಾಗಿ ಮಾತ್ರ ಇರುವುದಲ್ಲ. ಅಲ್ಲಿಂದ ಮರಳುವ ಅಲೆ, ಹೊರಗೆ ಸೋರುವ ಹೊಸ ಮಿಶ್ರಣವನ್ನು ಸಿಲಿಂಡರ್‌ಗೆ ಹಿಂದಕ್ಕೆ ತಳ್ಳುತ್ತದೆ. ಅದನ್ನು ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ.

ಇನ್ನು ಮಿತಿಯ ವಿಷಯ. ಆರನೇ ಅನುಸೂಚಿಯ ‘ಇ’ ಭಾಗದ ಪ್ರಕಾರ, 2003ರಿಂದ ತಯಾರಿಕೆಯ ಹಂತದಲ್ಲಿ 80 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ 75 ಡೆಸಿಬಲ್, 80ರಿಂದ 175 ಸಿಸಿವರೆಗೆ 77, ಅದಕ್ಕೂ ಮೇಲಿನದಕ್ಕೆ 80 ಡೆಸಿಬಲ್. ಅದಕ್ಕೆ ಮೊದಲು ಎಲ್ಲ ಮೋಟಾರ್‌ಸೈಕಲ್ ಮತ್ತು ಸ್ಕೂಟರ್‌ಗಳಿಗೂ 80 ಎಂಬ ಒಂದೇ ಮಿತಿಯಿತ್ತು. ಅಳೆಯುವ ವಿಧಾನವನ್ನು ಭಾರತೀಯ ಮಾನಕ 3028 ವಿವರಿಸುತ್ತದೆ. ಬಯಲು ಜಾಗದಲ್ಲಿ 20 ಮೀಟರ್ ಉದ್ದದ ಪಟ್ಟಿ ಗುರುತಿಸಿ, ಬೈಕ್ ಸಾಗುವ ಗೆರೆಯಿಂದ 7.5 ಮೀಟರ್ ದೂರದಲ್ಲಿ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಮೈಕ್ ನಿಲ್ಲಿಸುತ್ತಾರೆ. ನಿಗದಿತ ವೇಗದಲ್ಲಿ ಬರುವ ಸವಾರ ಪಟ್ಟಿಯ ಮೊದಲ ಗೆರೆ ಮುಟ್ಟುತ್ತಲೇ ಆಕ್ಸಿಲರೇಟರ್ ಪೂರ್ತಿ ತಿರುಚಿ, ಕೊನೆಯ ಗೆರೆ ದಾಟುತ್ತಲೇ ಬಿಡುತ್ತಾನೆ. ಆ ನಡುವೆ ಮೈಕ್‌ಗೆ ಕೇಳಿದ ಅತಿ ಹೆಚ್ಚಿನ ಮಟ್ಟವೇ ಲೆಕ್ಕಕ್ಕೆ.

ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡಿಕೆಯಂತೆ ನಡೆಯುವುದಿಲ್ಲ. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ, ಹತ್ತು ಏರಿದರೆ ಹತ್ತುಪಟ್ಟು. ಕಿವಿಗೆ ಮಾತ್ರ ಹತ್ತರ ಏರಿಕೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ದೂರದ ಲೆಕ್ಕವೂ ಅಷ್ಟೇ ಮುಖ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಆರು ಡೆಸಿಬಲ್ ಇಳಿಯುತ್ತದೆ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್‌ನಲ್ಲಿ ಸಿಗುವ ಅಂಕಿಗೂ 7.5 ಮೀಟರ್‌ನಲ್ಲಿ ಸಿಗುವ ಅಂಕಿಗೂ, ಬೇರೆಲ್ಲ ಒಂದೇ ಇದ್ದರೂ, ಸುಮಾರು 23 ಡೆಸಿಬಲ್ ಅಂತರ. ಆದ್ದರಿಂದ ಮೊಬೈಲ್ ಆ್ಯಪ್ ಅನ್ನು ಬೈಕಿನ ಹಿಂದೆ ಹಿಡಿದು 95 ಬಂತೆಂದು ಗಾಬರಿಯಾಗುವುದಕ್ಕೂ ಅರ್ಥವಿಲ್ಲ, ಹತ್ತು ಮಾರು ದೂರ ನಿಂತು 80 ಒಳಗಿದೆ ಎಂದು ವಾದಿಸುವುದಕ್ಕೂ ಅರ್ಥವಿಲ್ಲ. ಮೈಕ್ ಎಲ್ಲಿತ್ತು, ಎಂಜಿನ್ ಎಷ್ಟು ಸುತ್ತಿನಲ್ಲಿತ್ತು ಎಂಬುದನ್ನು ಹೇಳದ ಡೆಸಿಬಲ್ ಅಂಕಿ ಪೂರ್ತಿ ಅಂಕಿಯೇ ಅಲ್ಲ.

ನಿಂತ ಬೈಕನ್ನು ಅಳೆಯುವ ವಿಧಾನವೂ ಇದೆ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು, ಎಂಜಿನ್ನನ್ನು ನಿಗದಿತ ಸುತ್ತಿನಲ್ಲಿ ಹಿಡಿದು ಆಕ್ಸಿಲರೇಟರ್ ಬಿಡುತ್ತಾರೆ. ಗರಿಷ್ಠ ಶಕ್ತಿ 5000 ಸುತ್ತಿಗಿಂತ ಮೇಲೆ ಸಿಗುವ ಎಂಜಿನ್ ಆದರೆ ಆ ಸುತ್ತಿನ ಅರ್ಧ, ಅದಕ್ಕಿಂತ ಕೆಳಗಾದರೆ ಮುಕ್ಕಾಲು. ಪರೀಕ್ಷೆಗೆ ದೊಡ್ಡ ಮೈದಾನ ಬೇಡವಾದ್ದರಿಂದ ಯುರೋಪಿನ ದೇಶಗಳಲ್ಲಿ ರಸ್ತೆ ತಪಾಸಣೆಗೆ ಇದನ್ನೇ ಬಳಸುತ್ತಾರೆ. ಆ ಮಾಡೆಲ್ ಹೊಸದಾಗಿದ್ದಾಗ ಬಂದ ಅಂಕಿ ದಾಖಲೆಯಲ್ಲಿರುತ್ತದೆ, ಪೊಲೀಸರು ಅದಕ್ಕೆ ಹೋಲಿಸುತ್ತಾರೆ.

ಇಲ್ಲಿನ ರಸ್ತೆಯಲ್ಲಿ ನಡೆಯುವುದು ಹೆಚ್ಚಾಗಿ ಕಣ್ಣಿನ ತಪಾಸಣೆ. ಅದಕ್ಕೆ ಬೆಂಬಲವಾಗಿ 1988ರ ಮೋಟಾರು ವಾಹನ ಕಾಯ್ದೆಯ ನಾಲ್ಕು ಕಲಂಗಳಿವೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 52ನೇ ಕಲಂ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಂ ಅನ್ನು ಬಿಗಿಯಾಗಿಯೇ ಓದಿತು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸುವವರಿಗೆ, ಓಡಿಸಲು ಬಿಡುವವರಿಗೂ, 190(2)ನೇ ಕಲಂ ಅನ್ವಯ. 2019ರ ತಿದ್ದುಪಡಿಯ ನಂತರ ಇದರಡಿ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಅದೇ ತಿದ್ದುಪಡಿ ತಂದ 182ಎ(4)ನೇ ಕಲಂ ಕಾನೂನಿಗೆ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ವಿಧಿಸುತ್ತದೆ, ಎರಡನ್ನೂ ವಿಧಿಸಬಹುದು. ಸೈಲೆನ್ಸರ್ ತಪ್ಪಿಸಿ ಅನಿಲ ಹೊರಬಿಡುವ ಕಟ್‌ಔಟ್ ಬಳಸಿದರೆ 194ಎಫ್ ಅಡಿ ಮೊದಲಿಗೆ 1,000, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ. ಸ್ಥಳದಲ್ಲೇ ಕಟ್ಟಿ ಮುಗಿಸಬಹುದಾದ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುವುದರಿಂದ ರಸೀದಿಯಲ್ಲಿ ಕಾಣುವ ಅಂಕಿ ಊರಿಂದೂರಿಗೆ ಬೇರೆಯಾಗುತ್ತದೆ.

ಕಣ್ಣಿನ ತಪಾಸಣೆಗೆ ಕಾರಣವಿದೆ. ಸಿಗ್ನಲ್ ಬಳಿ ಬಸ್ಸು, ಆಟೊ, ಹಾರ್ನ್‌ಗಳ ನಡುವೆ ಒಂದು ಬೈಕಿನ ಸದ್ದನ್ನಷ್ಟೇ ಪ್ರತ್ಯೇಕಿಸಿ ಅಳೆಯುವುದು ಕಷ್ಟ. ಅಳೆದರೂ ಕಾನೂನು ಹೇಳಿದ 20 ಮೀಟರ್ ಪಟ್ಟಿ ಅಲ್ಲಿಲ್ಲ. ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಡಾಲ್ಫಿನ್, ಗೋಲ್ಡ್‌ಸ್ಟಾರ್, ಮೆಗಾಫೋನ್, ಇಂದೋರಿ, ಪಂಜಾಬ್ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಬುಲೆಟ್ ಸೈಲೆನ್ಸರ್‌ಗಳನ್ನು ಗುರುತಿಸಲು ಮಾತ್ರ ಮೀಟರ್ ಬೇಕಿಲ್ಲ. ಕಂಪನಿಯ ಅಚ್ಚು ಇದೆಯೇ, ಬೆಸುಗೆ ಹೊಸದೇ, ಬಾಯಲ್ಲಿ ಬ್ಯಾಫಲ್ ಕಾಣುತ್ತದೆಯೇ ಎಂದು ನೋಡಿದರೆ ಸಾಕು. ಈ ವಿಧಾನದ ಕೊರತೆಯೂ ಸ್ಪಷ್ಟ. ಹೊರಗೆ ಕಂಪನಿ ಸೈಲೆನ್ಸರ್, ಒಳಗೆ ಬ್ಯಾಫಲ್ ಕತ್ತರಿಸಿದ ಬೈಕ್ ತಪ್ಪಿಸಿಕೊಳ್ಳುತ್ತದೆ. ಸದ್ದು ಮಿತಿಯೊಳಗೇ ಇರುವ ಒಳ್ಳೆಯ ಬದಲಿ ಸೈಲೆನ್ಸರ್ ಸಿಕ್ಕಿಬೀಳುತ್ತದೆ.

ಮಾಲಿನ್ಯ ತಪಾಸಣೆಯ ಪಿಯುಸಿ ಪತ್ರವೂ ಈ ಕೊರತೆಯನ್ನು ತುಂಬುವುದಿಲ್ಲ. ಪೆಟ್ರೋಲ್ ಬೈಕಿನ ಪಿಯುಸಿಯಲ್ಲಿ ನೋಡುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣವನ್ನು. ಸದ್ದು ಅದರ ಪಟ್ಟಿಯಲ್ಲೇ ಇಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಹೇಳುವ 2000ದ ಶಬ್ದಮಾಲಿನ್ಯ ನಿಯಮಗಳು ಸುತ್ತಲಿನ ಸರಾಸರಿ ಸದ್ದಿಗೆ ಸಂಬಂಧಿಸಿದವು. ನಡುರಾತ್ರಿ ಒಂದು ಬೈಕ್ ಇಡೀ ಬೀದಿಯನ್ನು ಎಬ್ಬಿಸಿ ಹೋದರೂ ಸರಾಸರಿಯಲ್ಲಿ ಅದು ಕರಗಿಹೋಗಬಹುದು. 2021ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟ್‌ನ ಲಖನೌ ಪೀಠ ಮಾರ್ಪಡಿಸಿದ ಸೈಲೆನ್ಸರ್‌ಗಳ ಹಾವಳಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವುದು ಈಗ ಪರಿಚಿತ ದೃಶ್ಯ.

ಬೇರೆ ದೇಶಗಳೂ ಇದೇ ಗಂಟನ್ನು ಬಿಡಿಸಲು ಹೆಣಗುತ್ತಿವೆ. 1972ರ ಶಬ್ದ ನಿಯಂತ್ರಣ ಕಾಯ್ದೆಯಡಿ ಅಮೆರಿಕದ ಪರಿಸರ ಸಂಸ್ಥೆ ರಸ್ತೆ ಬೈಕ್‌ಗಳಿಗೆ 1983ರಿಂದ 83, 1986ರಿಂದ 80 ಡೆಸಿಬಲ್ ಮಿತಿ ಹಾಕಿತು. ಅಂಕಿ ನಮ್ಮಂತೆಯೇ 80 ಆದರೂ ಅಲ್ಲಿ ಮೈಕ್ ಇರುವುದು 15 ಮೀಟರ್ ದೂರದಲ್ಲಿ. ದೂರವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಭಾರತದ ಮಿತಿ ಆರು ಡೆಸಿಬಲ್‌ನಷ್ಟು ಬಿಗಿ. ಸೈಲೆನ್ಸರ್ ಮೇಲೆ ಸಂಸ್ಥೆಯ ನಿಯಮಕ್ಕೆ ಒಪ್ಪುತ್ತದೆಂಬ ಗುರುತಿನ ಪಟ್ಟಿ ಇರಬೇಕೆಂದೂ ಆ ನಿಯಮ ಹೇಳುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾ ಆ ಗುರುತನ್ನೇ ತಪಾಸಣೆಯ ಆಧಾರ ಮಾಡಿಕೊಂಡು, 2013ರಿಂದ ತಯಾರಾದ ಬೈಕ್ ಮತ್ತು ಸೈಲೆನ್ಸರ್‌ಗಳಿಗೆ ಅನ್ವಯಿಸಿತು. ಅಲ್ಲಿಯೂ ಕೊನೆಗೆ ಗೆದ್ದದ್ದು ಕಣ್ಣಿನ ತಪಾಸಣೆಯೇ.

ಯುರೋಪ್ ಹಿಡಿದ ದಾರಿ ಬೇರೆ. ವಿಶ್ವಸಂಸ್ಥೆಯ 41ನೇ ವಾಹನ ನಿಯಮದ ನಾಲ್ಕನೇ ಸರಣಿ ಬೈಕ್‌ಗಳನ್ನು ಸಿಸಿ ಬದಲು ಶಕ್ತಿ ಮತ್ತು ತೂಕದ ಅನುಪಾತದಿಂದ ಮೂರು ವರ್ಗ ಮಾಡಿ 73, 74, 77 ಡೆಸಿಬಲ್ ಮಿತಿ ಇಟ್ಟಿದೆ. ಪರೀಕ್ಷೆಯ ವೇಗದಲ್ಲಿ ಮಾತ್ರ ಮೆತ್ತಗಿದ್ದು ಉಳಿದಲ್ಲಿ ಗರ್ಜಿಸುವ ಬೈಕ್‌ಗಳನ್ನು ತಡೆಯಲು ಇನ್ನಷ್ಟು ವೇಗಗಳಲ್ಲೂ ಪರೀಕ್ಷೆ ಸೇರಿಸಿದೆ. ಆಸ್ಟ್ರಿಯದ ಟಿರೋಲ್ ಪ್ರಾಂತ್ಯ 2020ರ ಬೇಸಿಗೆಯಲ್ಲಿ ಇನ್ನೂ ಮುಂದೆ ಹೋಯಿತು. ನಿಲ್ಲಿಸಿ ಅಳೆದ ಸದ್ದು ದಾಖಲೆಯಲ್ಲಿ 95 ಡೆಸಿಬಲ್ ಮೀರಿದ ಬೈಕ್‌ಗಳಿಗೆ ರಾಯ್ಟೆ ಜಿಲ್ಲೆಯ ಕೆಲವು ಕಣಿವೆ ರಸ್ತೆಗಳನ್ನು ಮುಚ್ಚಿ, ಮೀರಿದವರಿಗೆ 220 ಯೂರೊ ದಂಡ ಹಾಕಿತು. ಏನನ್ನೂ ಮಾರ್ಪಡಿಸದ, ಕಾನೂನುಬದ್ಧವಾಗಿಯೇ ಮಾರಾಟವಾದ ಬೈಕ್‌ಗಳೂ ಇದರಲ್ಲಿ ಸಿಕ್ಕಿಕೊಂಡದ್ದರಿಂದ ಸವಾರರು ಪ್ರತಿಭಟಿಸಿದರು. 2022ರಲ್ಲಿ ಪ್ಯಾರಿಸ್ ಹಲವು ಮೈಕ್‌ಗಳ ಸದ್ದಿನ ರಾಡಾರ್ ಪ್ರಯೋಗಕ್ಕಿಳಿಯಿತು. ಸದ್ದು ಯಾವ ದಿಕ್ಕಿನಿಂದ ಬಂತೆಂದು ಲೆಕ್ಕಹಾಕಿ ಅದೇ ವಾಹನದ ನಂಬರ್ ಪ್ಲೇಟನ್ನು ಕ್ಯಾಮೆರಾ ಹಿಡಿಯುವಂತೆ ಮಾಡುವುದು ಅದರ ಉದ್ದೇಶ. ದಟ್ಟಣೆಯ ನಡುವೆ ಒಂದು ಬೈಕನ್ನು ಪ್ರತ್ಯೇಕಿಸುವ ಹಳೆಯ ತೊಡಕಿಗೆ ಇದು ನೇರ ಉತ್ತರ.

ಕಾನೂನಿನ ಆಚೆಗೂ ಬದಲಿ ಸೈಲೆನ್ಸರ್‌ಗೆ ತೆರಬೇಕಾದ ಬೆಲೆಯಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕ್‌ಗಳ ಎಕ್ಸಾಸ್ಟ್ ಸಾಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಇರುತ್ತವೆ. ಕನ್ವರ್ಟರ್ ಕಿತ್ತರೆ ಸದ್ದಿನ ಜೊತೆಗೆ ಹೊಗೆಯ ಮಾನದಂಡವೂ ಮುರಿಯುತ್ತದೆ. ತೆರೆದ ಕೊಳವೆಯಿಂದ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಇಂಧನ ಮತ್ತು ಕೊಳವೆಯ ಅಳತೆಗಳನ್ನು ಹೊಂದಿಸದ ಬೈಕ್‌ನಲ್ಲಿ ಸಾಮಾನ್ಯವಾಗಿ ಸುಳ್ಳಾಗುತ್ತದೆ. ಊರೊಳಗಿನ ಸವಾರಿಗೆ ಬೇಕಾದ ಕೆಳಸುತ್ತಿನ ಎಳೆತವೇ ಮೊದಲು ಕುಗ್ಗುತ್ತದೆ. ಓಡುತ್ತಿರುವಾಗ ಸ್ವಿಚ್ ಆಫ್ ಮಾಡಿ ಪಟಾಕಿ ಹೊಡೆಸುವುದು ಇನ್ನೂ ಹಾನಿಕರ. ಉರಿಯದ ಪೆಟ್ರೋಲ್ ಕಾದ ಕೊಳವೆಯಲ್ಲಿ ಸಿಡಿಯುವಾಗ ಬ್ಯಾಫಲ್ ಮತ್ತು ಕನ್ವರ್ಟರ್ ಎರಡೂ ಪೆಟ್ಟು ತಿನ್ನುತ್ತವೆ.

ಸದ್ದು ಏರಿದ ಬೈಕೆಲ್ಲ ಮಾರ್ಪಡಿಸಿದ್ದೇ ಆಗಿರಬೇಕಿಲ್ಲ. ಸಿಲಿಂಡರ್ ಹೆಡ್‌ಗೆ ಕೊಳವೆ ಕೂರುವ ಜಾಗದ ಗ್ಯಾಸ್ಕೆಟ್ ಸುಟ್ಟಿದ್ದರೆ ಟಪ್ ಟಪ್ ಎಂಬ ಒಣ ಸದ್ದು ಬರುತ್ತದೆ, ಅಲ್ಲೇ ಕರಿಯ ಗೆರೆಯೂ ಕಾಣುತ್ತದೆ. ಬ್ಯಾಫಲ್ ಬೆಸುಗೆ ಬಿಟ್ಟಿದ್ದರೆ ಸೈಲೆನ್ಸರ್ ತಟ್ಟಿದಾಗ ಒಳಗೆ ಗಲಗಲ ಎನ್ನುತ್ತದೆ. ಕೆಳಭಾಗದಲ್ಲಿ ತುಕ್ಕಿನ ತೂತು ಬಿದ್ದರೆ ಮಳೆಗಾಲ ಕಳೆಯುವುದರೊಳಗೆ ಸದ್ದು ಒಡೆಯುತ್ತದೆ. ಸವಾರನ ಉದ್ದೇಶ ಏನೇ ಇದ್ದರೂ ಇವೆಲ್ಲ 120ನೇ ನಿಯಮದ ದೃಷ್ಟಿಯಲ್ಲಿ ದೋಷಗಳೇ. ಏಕೆಂದರೆ ಆ ನಿಯಮ ವಾಹನ ತಯಾರಾದ ದಿನಕ್ಕೆ ಮಾತ್ರ ಸೀಮಿತವಲ್ಲ, ಮಾನದಂಡಕ್ಕೆ ಒಪ್ಪುವಂತೆ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂದೂ ಕೇಳುತ್ತದೆ. ಗ್ಯಾಸ್ಕೆಟ್ ಬದಲಿಸಿ, ಬೆಸುಗೆ ಹಾಕಿಸಿ, ತೀರ ಹಾಳಾಗಿದ್ದರೆ ಕಂಪನಿಯದೇ ಸೈಲೆನ್ಸರ್ ಕೂರಿಸಿದರೆ ಬೈಕ್ ಮತ್ತೆ ಮಿತಿಯೊಳಗೆ ಬರುತ್ತದೆ.